ಆರ್ಗನ್ ನುಡಿಸುವವರನ್ನು ಬೆಳೆಸುವುದು ಸಭೆಯ ಕೆಲಸ

(ತುಮಕೂರಿನಲ್ಲಿ ಸುತ್ತಮುತ್ತಲ ಚರ್ಚ್ ಸಭೆಗಳ ಕ್ವಾಯರ್‌ನವರು (ಹಾಡುವ ತಂಡದವರು), ವಾದ್ಯ ನುಡಿಸುವವರು, ಕಮಿಟಿ ಸದಸ್ಯರು ಸೇರಿದ್ದಾಗ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಕೇಳಿದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಚರ್ಚುಗಳಲ್ಲಿ ಆರ್ಗನ್ ನುಡಿಸುವವರ ಮಟ್ಟ ಕುಸಿದಿದೆ, ಏನು ಮಾಡಬೇಕು ಅಂತ ಮಾತಾಡಿ ಎಂದು ಕರೆದಿದ್ದೀರಿ. ಮಟ್ಟ ಕುಸಿದಿರುವುದು ನಿಜ. ಸುತ್ತಿಬಳಸಿ ಹೇಳುವುದು ಬೇಡ. ತುಮಕೂರು, ಗುಬ್ಬಿ, ತಿಪಟೂರು, ಮಧುಗಿರಿ ಕಡೆಯ ಎಷ್ಟೋ ಸಭೆಗಳಲ್ಲಿ ಭಾನುವಾರ ಬೆಳಿಗ್ಗೆ ಹಾಡು ಒಂದು ದಾರಿ ಹಿಡಿದರೆ ಕೀಬೋರ್ಡ್ ಇನ್ನೊಂದು ದಾರಿ ಹಿಡಿದಿರುತ್ತದೆ. ಮೊದಲ ಚರಣ ಹೇಗೋ ಮುಗಿಯುತ್ತದೆ. ಎರಡನೇ ಚರಣಕ್ಕೆ ಹಿಂದಿನ ಬೆಂಚಿನವರು ಸುಮ್ಮನಾಗುತ್ತಾರೆ. ಮೂರನೆಯದಕ್ಕೆ ಮೈಕ್ ಹಿಡಿದವರು ಮಾತ್ರ ಹಾಡುತ್ತಿರುತ್ತಾರೆ.

ಆದರೆ ಇದಕ್ಕೆ ಆ ಸ್ಟೂಲಿನ ಮೇಲೆ ಕೂತ ಹುಡುಗನನ್ನೋ, ವಯಸ್ಸಾದ ಟೀಚರಮ್ಮನನ್ನೋ ದೂರುವುದನ್ನು ನಾನು ಒಪ್ಪುವುದಿಲ್ಲ. ಅವರನ್ನು ಅಲ್ಲಿ ಕೂರಿಸಿದವರು ನಾವು. ಕಲಿಸದೆ ಕೂರಿಸಿದವರೂ ನಾವೇ. ಹಾಗಾಗಿ ಇವತ್ತು ನಾನು ನುಡಿಸುವವರ ಜೊತೆ ಸ್ವಲ್ಪ, ಕಮಿಟಿಯವರ ಜೊತೆ ಜಾಸ್ತಿ ಮಾತಾಡುತ್ತೇನೆ.

ಮೊದಲು ನಮ್ಮ ವಾದ್ಯದ ವಿಷಯ. ಬೆಂಗಳೂರಿನ ಸೇಂಟ್ ಮಾರ್ಕ್ಸ್, ಸೇಂಟ್ ಆಂಡ್ರ್ಯೂಸ್ ಚರ್ಚುಗಳಲ್ಲಿ ಪೈಪ್ ಆರ್ಗನ್ ಇದೆ. ನಮ್ಮ ಕಡೆ ಹಿರಿಯರು ಆರ್ಗನ್ ಅಂದದ್ದು ಕಾಲಿನಲ್ಲಿ ತುಳಿಯುವ ರೀಡ್ ಆರ್ಗನ್ನನ್ನು. ಕೆಳಗೆ ಎರಡು ತುಳಿಮಣೆ, ಒಳಗೆ ತಿದಿ, ಮೇಲೆ ಸಾಲಾಗಿ ಹಿತ್ತಾಳೆ ರೀಡುಗಳು. ಒಂದು ರೀಡಿಗೆ ಧೂಳು ಸಿಕ್ಕಿದರೆ ಆ ಮನೆ, ಅಂದರೆ ಬೆರಳಿಟ್ಟು ಒತ್ತುವ ಕೀ, ಮೂಕ. ತಿದಿಯ ಚರ್ಮವನ್ನು ಇಲಿ ಕಡಿದರೆ ಇಡೀ ಆರ್ಗನ್ ಏದುಸಿರು ಬಿಡುತ್ತದೆ. ಕಷ್ಟದ ವಾದ್ಯವೇ. ಆದರೆ ಅದರಲ್ಲಿ ಒಂದು ಗುಣ ಇತ್ತು. ಗಾಳಿ ನಿಂತರೆ ನಾದ ನಿಲ್ಲುತ್ತಿತ್ತು. ಹಾಗಾಗಿ ನುಡಿಸುವವರಿಗೆ ಉಸಿರಿನ ಲೆಕ್ಕ ಕಾಲಿನಿಂದಲೇ ಬರುತ್ತಿತ್ತು. ಈಗ ನಮ್ಮ ಹೆಚ್ಚಿನ ಸಭೆಗಳಲ್ಲಿ ಇರುವುದು 61 ಮನೆಯ ಎಲೆಕ್ಟ್ರಾನಿಕ್ ಕೀಬೋರ್ಡ್. ಅದಕ್ಕೆ ಉಸಿರಿಲ್ಲ. ಬೆರಳು ಇಟ್ಟರೆ ಎಷ್ಟು ಹೊತ್ತು ಬೇಕಾದರೂ ಕೂಗುತ್ತದೆ. ಉಸಿರನ್ನು ನುಡಿಸುವವರೇ ಕೊಡಬೇಕು. ಅದನ್ನು ಅವರಿಗೆ ಯಾರೂ ಹೇಳಿಕೊಟ್ಟಿಲ್ಲ.

ಹಿಂದೆ ನುಡಿಸುವವರು ಹೇಗೆ ತಯಾರಾಗುತ್ತಿದ್ದರು? ವೆಸ್ಲಿಯನ್ ಮಿಷನ್‌ನವರು 1837ರ ಹೊತ್ತಿಗೇ ಗುಬ್ಬಿಯಲ್ಲಿ ನೆಲೆ ಮಾಡಿದ್ದರು. ಆಮೇಲೆ ಶಾಲೆಗಳು ಬಂದವು, ಹಾಸ್ಟೆಲ್‌ಗಳು ಬಂದವು. ಈ ತುಮಕೂರಿನಲ್ಲೇ ಯೂನಿಯನ್ ಕನರೀಸ್ ಸೆಮಿನರಿ ಇತ್ತು. 1965ರಲ್ಲಿ ಅದು ಮಂಗಳೂರಿನ ಬಾಸೆಲ್ ಮಿಷನ್ ಸೆಮಿನರಿ ಜೊತೆ ಸೇರಿ ಕರ್ನಾಟಕ ಥಿಯಲಾಜಿಕಲ್ ಕಾಲೇಜ್ ಆಯಿತು. ಹಾಸ್ಟೆಲ್‌ನಲ್ಲಿ ಬೆಳಿಗ್ಗೆ ಸಂಜೆ ಪ್ರಾರ್ಥನೆ, ಪ್ರಾರ್ಥನೆಗೆ ಹಾಡು, ಹಾಡಿಗೆ ಯಾರಾದರೂ ಒಬ್ಬರು ನುಡಿಸಲೇಬೇಕು. ದಿನಾ ನುಡಿಸಿದರೆ ಕೈ ಪಳಗದೆ ಇರುತ್ತದಾ? ಓದಲು ಸೋಲ್‌ಫಾ ಇತ್ತು. ಇಂಗ್ಲೆಂಡಿನಲ್ಲಿ ಸಾರಾ ಗ್ಲೋವರ್ ಶುರು ಮಾಡಿ, 1840ರ ದಶಕದಿಂದ ಜಾನ್ ಕರ್ವೆನ್ ಹರಡಿದ ಪದ್ಧತಿ ಅದು. ಐದು ಗೆರೆಯ ಸ್ಟಾಫ್ ನೊಟೇಶನ್ ಬರದವರೂ ಡೋ ರೇ ಮಿ ಅಕ್ಷರ ನೋಡಿ ನಾಲ್ಕು ಧ್ವನಿಯಲ್ಲಿ ಹಾಡುತ್ತಿದ್ದರು. ಸರಿಗಮ ಕೇಳಿ ಬೆಳೆದ ನಮಗೆ ಅದು ಕಷ್ಟವೇ ಅಲ್ಲ. ಇವತ್ತು ಶಾಲೆ ಬೇರೆ, ಸಭೆ ಬೇರೆ. ದಿನದ ಅಭ್ಯಾಸ ಹೋಯಿತು. ಭಾನುವಾರದ ಪರೀಕ್ಷೆ ಮಾತ್ರ ಉಳಿಯಿತು.

ಈಗ ಮಟ್ಟ ಅಂದರೆ ಏನು ಅನ್ನುವುದಕ್ಕೆ ಬರುತ್ತೇನೆ. ಬೆರಳು ವೇಗವಾಗಿ ಓಡಿದರೆ ಒಳ್ಳೆಯ ವಾದಕರು ಅಂತ ನಾವು ಅಂದುಕೊಂಡಿದ್ದೇವೆ. ಚರ್ಚಿನಲ್ಲಿ ಅಳತೆ ಬೇರೆ. ಜನ ಹಾಡಿದರಾ, ಇಲ್ಲವಾ? ಅಷ್ಟೇ. ಬಾಖ್ ಹೆಸರು ಕೇಳಿರುತ್ತೀರಿ. ಆರ್ಗನ್ ಲೋಕದಲ್ಲಿ ಅವನಿಗಿಂತ ದೊಡ್ಡ ಹೆಸರಿಲ್ಲ. ಇಪ್ಪತ್ತರ ಹರೆಯದಲ್ಲಿ ಜರ್ಮನಿಯ ಆರ್ನ್‌ಸ್ಟಾಟ್ ಎಂಬ ಊರಿನ ಚರ್ಚಿನಲ್ಲಿ ಆರ್ಗನಿಸ್ಟ್ ಆಗಿದ್ದ. 1705ರಲ್ಲಿ ನಾಲ್ಕು ವಾರ ರಜೆ ಕೇಳಿ ಲ್ಯೂಬೆಕ್‌ಗೆ ಹೋದ, ಬುಕ್ಸ್ಟೆಹುಡೆ ಎಂಬ ಹಿರಿಯ ಆರ್ಗನಿಸ್ಟ್ ನುಡಿಸುವುದನ್ನು ಕೇಳಲಿಕ್ಕೆ. ಬಂದದ್ದು ಸುಮಾರು ನಾಲ್ಕು ತಿಂಗಳ ಮೇಲೆ. 1706ರ ಫೆಬ್ರವರಿಯಲ್ಲಿ ಚರ್ಚಿನ ಆಡಳಿತದವರು ಕರೆದು ವಿಚಾರಿಸಿದರು. ರಜೆಯ ವಿಷಯ ಒಂದೇ ಅಲ್ಲ. ನೀನು ಹಾಡಿನ ನಡುವೆ ವಿಚಿತ್ರ ಸ್ವರಗಳನ್ನು ಸೇರಿಸುತ್ತೀಯ, ಸಭೆಯವರಿಗೆ ಗೊಂದಲ ಆಗಿದೆ ಎಂದು ದಾಖಲೆಯಲ್ಲೇ ಬರೆದಿದ್ದಾರೆ. ತುಂಬಾ ಉದ್ದ ನುಡಿಸುತ್ತಾನೆ ಅಂತ ಮೊದಲು ದೂರು. ಹೇಳಿದ ಮೇಲೆ ತುಂಬಾ ಚಿಕ್ಕದಾಗಿ ನುಡಿಸಿದ ಅಂತ ಮತ್ತೊಂದು. ಬಾಖ್‌ನ ಕೈಯಲ್ಲಿ ವಿದ್ಯೆಗೆ ಕೊರತೆ ಇರಲಿಲ್ಲ. ಆದರೂ ಹಾಡುವವರು ದಾರಿ ತಪ್ಪಿದರು. ಕೈಚಳಕ ಮತ್ತು ಹಾಡಿಸುವುದು ಎರಡು ಬೇರೆ ವಿದ್ಯೆ ಅನ್ನಲು ನನಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಇನ್ನೊಂದು ಗಮನಿಸಿ. ಆ ಚರ್ಚಿನವರು ದೂರನ್ನು ಕರೆದು, ಎದುರಿಗೇ ಹೇಳಿದರು. ನಾವು ಗೇಟಿನ ಹತ್ತಿರ ನಿಂತು ಮಾತಾಡಿಕೊಂಡು ಮನೆಗೆ ಹೋಗುತ್ತೇವೆ.

ನುಡಿಸುವವರಿಗೆ ಈಗ ನಾಲ್ಕು ಮಾತು.

ಉಸಿರು ಮೊದಲು. 'ಓಲ್ಡ್ ಹಂಡ್ರೆಡ್ತ್' ಧಾಟಿ ನಮಗೆಲ್ಲ ಗೊತ್ತು. 1551ರಲ್ಲಿ ಜಿನೀವಾದಲ್ಲಿ ಅಚ್ಚಾದ ಧಾಟಿ. ನಾಲ್ಕು ಸಾಲು, ಸಾಲಿಗೆ ಎಂಟು ಅಕ್ಷರ. ಪ್ರತಿ ಸಾಲಿನ ಕೊನೆಯಲ್ಲಿ ಜನ ಉಸಿರು ತೆಗೆದುಕೊಳ್ಳುತ್ತಾರೆ. ಅಲ್ಲಿ ನೀವು ಕೈ ಎತ್ತಬೇಕು. ಎಷ್ಟು ಹೊತ್ತು? ಒಂದು ಎಣಿಕೆ ಅಂದರೆ ಪ್ರತಿ ಸಾಲಿಗೂ ಒಂದೇ ಎಣಿಕೆ. ಒಂದು ಕಡೆ ಅರ್ಧ, ಇನ್ನೊಂದು ಕಡೆ ಎರಡು ಆದರೆ ಯಾವಾಗ ಶುರು ಮಾಡಬೇಕು ಅಂತ ಯಾರಿಗೂ ತಿಳಿಯುವುದಿಲ್ಲ. ಹೆದರಿಕೊಂಡು ಅರ್ಧ ದನಿಯಲ್ಲಿ ಶುರು ಮಾಡುತ್ತಾರೆ. ಸಭೆ ಹಾಡುವುದನ್ನು ಬಿಡುವುದು ಇಲ್ಲಿಂದಲೇ. ನೀವೂ ಬಾಯಿಬಿಟ್ಟು ಹಾಡುತ್ತಾ ನುಡಿಸಿ. ನಿಮಗೆ ಉಸಿರು ಸಾಲದ ಕಡೆ ಅವರಿಗೂ ಸಾಲದು.

ಹಾಡಿಗೆ ಮೊದಲು ನುಡಿಸುವ ಮುನ್ನುಡಿಯ ವೇಗವೇ ಹಾಡಿನ ವೇಗ ಆಗಬೇಕು. ಮುನ್ನುಡಿ ಓಡಿ, ಹಾಡು ತೆವಳಿದರೆ ಆ ಮುನ್ನುಡಿ ಸುಳ್ಳು ಹೇಳಿದಂತೆ. ಮೊದಲ ಸಾಲು, ಕೊನೆಯ ಸಾಲು ನುಡಿಸಿ, ಒಂದು ಉಸಿರು ಬಿಟ್ಟು ಶುರು ಮಾಡಿ. ಸಾಕು.

ಶ್ರುತಿಯ ವಿಷಯದಲ್ಲಿ ಬಹಳ ತಪ್ಪು ನಡೆಯುತ್ತಿದೆ. ಪುಸ್ತಕದಲ್ಲಿ ಹಾಡಿನ ಅತಿ ಮೇಲಿನ ಸ್ವರ ಎಲ್ಲಿಗೆ ಹೋಗುತ್ತದೆ ನೋಡಿ. ಅದು ಮೇಲಿನ ಸ್ಥಾಯಿಯ ಬಿಳಿ ಎರಡರ (C ಇಂದ ಎಣಿಸಿದರೆ ಎರಡನೇ ಬಿಳಿ ಮನೆ, D) ಹತ್ತಿರ ಇದ್ದರೆ ಸಾಮಾನ್ಯ ಗಂಟಲಿಗೆ ಸರಿ. ಬಿಳಿ ಮೂರು ದಾಟಿದರೆ ಬೆಳಿಗ್ಗೆ ಎಂಟು ಗಂಟೆಗೆ ಗಂಡಸರ ದನಿ ಏಳುವುದಿಲ್ಲ. ಆಗ ಟ್ರಾನ್ಸ್‌ಪೋಸ್ ಬಟನ್ ಒತ್ತಿ ಇಳಿಸಿ, ತಪ್ಪಿಲ್ಲ. ಆದರೆ ಎಲ್ಲ ಹಾಡನ್ನೂ ಬಿಳಿ ಒಂದರಲ್ಲೇ ನುಡಿಸಿ, ಬಟನ್ ಒತ್ತಿ ಶ್ರುತಿ ಬದಲಿಸುವ ಅಭ್ಯಾಸ ಕೈಯನ್ನು ಕುಂಟು ಮಾಡುತ್ತದೆ. ಕರೆಂಟ್ ಹೋಗಿ ಬಂದರೆ ಬಟನ್ ಸೊನ್ನೆಗೆ ಬಂದಿರುತ್ತದೆ, ನುಡಿಸುವವರಿಗೆ ಗೊತ್ತಾಗುವ ಹೊತ್ತಿಗೆ ಸಭೆ ಇನ್ನೊಂದು ಶ್ರುತಿಯಲ್ಲಿ ಇರುತ್ತದೆ. ಬಿಳಿ ಒಂದು, ಬಿಳಿ ಎರಡು, ಬಿಳಿ ನಾಲ್ಕು, ಬಿಳಿ ಐದು. ಈ ನಾಲ್ಕು ಶ್ರುತಿಯಲ್ಲಿ ಕೈ ಕೂತರೆ ಒಂದು ವರ್ಷದ ಆರಾಧನೆ ನಡೆಸಬಹುದು.

ಇನ್ನು ಕೀಬೋರ್ಡೇ ತಾನಾಗಿ ತಾಳ ಹಾಕುವ ರಿದಂ ಬಟನ್. ಸ್ಟೈಲ್ ಹಾಕಿಬಿಟ್ಟರೆ ಯಂತ್ರ ಯಾರಿಗೂ ಕಾಯುವುದಿಲ್ಲ. ಅಜ್ಜಿಯರು ಉಸಿರು ತೆಗೆದುಕೊಳ್ಳಲಿ ಅಂತ ನಿಲ್ಲುವುದಿಲ್ಲ. ಸಭೆ ಅರ್ಧ ಎಣಿಕೆ ಹಿಂದೆ ಬಿದ್ದರೆ ಎಡಗೈಯ ಕಾರ್ಡ್ (ಒಟ್ಟಿಗೆ ಒತ್ತುವ ಸ್ವರಗಳ ಗುಂಪು) ತಪ್ಪುತ್ತದೆ, ಕಾರ್ಡ್ ತಪ್ಪಿದರೆ ಬಲಗೈ ಹೆದರುತ್ತದೆ. ಸಭೆ ಒಟ್ಟಾಗಿ ಹಾಡುವ ಹಾಡಿಗೆ ಅದನ್ನು ಮುಟ್ಟಬೇಡಿ ಅಂತ ನಾನು ಖಡಾಖಂಡಿತವಾಗಿ ಹೇಳುತ್ತೇನೆ. ಎರಡು ಕೈ ನಾಲ್ಕು ಧ್ವನಿ ನುಡಿಸಲಾರದೆ ಇದ್ದರೆ ಬಲಗೈಯಲ್ಲಿ ಧಾಟಿ, ಎಡಗೈಯಲ್ಲಿ ಬೇಸ್ ಒಂದೇ ಸ್ವರ. ಎರಡೇ ಎಳೆ. ಅದನ್ನು ತಪ್ಪಿಲ್ಲದೆ, ನಿಲ್ಲದೆ ನುಡಿಸಿದರೆ ಸಭೆ ಗಟ್ಟಿಯಾಗಿ ಹಾಡುತ್ತದೆ. ಅರ್ಧಂಬರ್ಧ ಬಂದ ನಾಲ್ಕು ಧ್ವನಿಗಿಂತ ಗಟ್ಟಿಯಾದ ಎರಡು ಎಷ್ಟೋ ಮೇಲು.

ಮೀಟರ್ ಲೆಕ್ಕ, ಅಂದರೆ ಯಾವ ಸಾಲಿಗೆ ಎಷ್ಟು ಅಕ್ಷರ ಅನ್ನುವುದು, ಗೊತ್ತಿದ್ದರೆ ಕೆಲಸ ಇನ್ನೂ ಹಗುರ. ಭಾಷಾಂತರವಾಗಿ ಬಂದ ಹಾಡುಗಳನ್ನು ಬಹುಪಾಲು ಮೂಲ ಧಾಟಿಗೆ ಕೂರುವಂತೆ ಅಕ್ಷರ ಎಣಿಸಿ ಬರೆದಿದ್ದಾರೆ. 8.8.8.8 ಲಾಂಗ್ ಮೀಟರ್, 8.6.8.6 ಕಾಮನ್ ಮೀಟರ್, 6.6.8.6 ಶಾರ್ಟ್ ಮೀಟರ್. ಒಂದು ಹಾಡಿನ ಧಾಟಿ ಸಭೆಗೆ ಬರುವುದಿಲ್ಲ, ನಿಮಗೂ ಕಷ್ಟ ಅಂದರೆ ಅದೇ ಮೀಟರಿನ, ಎಲ್ಲರಿಗೂ ಬರುವ ಇನ್ನೊಂದು ಧಾಟಿಗೆ ಆ ಮಾತುಗಳನ್ನು ಹಾಡಿಸಬಹುದು. ಮೊದಲು ಮನೆಯಲ್ಲಿ ಹಾಡಿ ನೋಡಿ. ಕನ್ನಡದ ಮಾತಿನಲ್ಲಿ ಒತ್ತು ಮೊದಲ ಅಕ್ಷರದ ಮೇಲೆ. ಎಷ್ಟೋ ಪಾಶ್ಚಾತ್ಯ ಧಾಟಿಗಳು ಒತ್ತಿಲ್ಲದ ಹಗುರ ಎಣಿಕೆಯಿಂದ ಎತ್ತಿಕೊಳ್ಳುತ್ತವೆ. ಅಲ್ಲಿ ಧಾಟಿಯ ಒತ್ತನ್ನೇ ನಂಬಿ ಗುದ್ದಿದರೆ ಮಾತು ಒಡೆಯುತ್ತದೆ. ಮಾತನ್ನು ಓದಿ, ಅರ್ಥ ಮಾಡಿಕೊಂಡು ಮೆತ್ತಗೆ ನುಡಿಸಬೇಕು.

ಕೀರ್ತನೆಗಳದ್ದು ಬೇರೆಯೇ ಲೋಕ. ನಮ್ಮ ರಾಗ ತಾಳಗಳಲ್ಲಿ ಕಟ್ಟಿದ ಹಾಡುಗಳಿಗೂ ಹುಡುಗರು ಕಾರ್ಡ್ ಹಾಕುತ್ತಾರೆ. ಶಂಕರಾಭರಣಕ್ಕೆ ಒಪ್ಪಬಹುದು, ಅದರ ಸ್ವರಗಳು ಮೇಜರ್ ಸ್ಕೇಲಿನವೇ. ಮಾಯಾಮಾಳವಗೌಳಕ್ಕೋ ಹಿಂದೋಳಕ್ಕೋ ಗೊತ್ತಿರುವ ಮೂರು ಕಾರ್ಡ್ ಹಾಕಿದರೆ ರಾಗದಲ್ಲಿ ಇಲ್ಲದ ಸ್ವರ ನುಸುಳುತ್ತದೆ. ರಾಗ ಕೆಡುತ್ತದೆ, ಹಾಡುವವರ ಗಂಟಲು ತಡವರಿಸುತ್ತದೆ. ಸ್ವರವನ್ನು ತೂಗಿ ಜಾರಿಸುವ ಗಮಕ ಕೀಬೋರ್ಡಿನಲ್ಲಿ ಬರುವುದಿಲ್ಲ. ಹಾರ್ಮೋನಿಯಂ ಮೇಲಿದ್ದ ಆಕ್ಷೇಪವೂ ಇದೇ ಥರದ್ದು. ಆಕಾಶವಾಣಿ 1940ರಿಂದ 1971ರವರೆಗೆ ಹಾರ್ಮೋನಿಯಂ ಅನ್ನು ಹೊರಗೇ ಇಟ್ಟಿತ್ತು. ಹಾಗಂತ ನಾವು ಕೀಬೋರ್ಡ್ ಮುಚ್ಚಬೇಕಾಗಿಲ್ಲ. ಎಡಗೈಯಲ್ಲಿ ಸ, ರಾಗದಲ್ಲಿ ಪ ಇದ್ದರೆ ಅದನ್ನೂ ಹಿಡಿದುಕೊಳ್ಳಿ, ಬಲಗೈಯಲ್ಲಿ ಧಾಟಿ ಅಷ್ಟೇ ತೋರಿಸಿ, ಉಳಿದದ್ದನ್ನು ಗಂಟಲಿಗೂ ತಬಲಾಕ್ಕೂ ಬಿಡಿ.

ಕಮಿಟಿಯವರೇ, ಈಗ ನಿಮ್ಮ ಸರದಿ.

ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ಹೇಗೆ ಕಲಿಸುತ್ತಾರೆ, ನೋಡಿದ್ದೀರಾ? ಇದು ಗುಬ್ಬಿ ಕಂಪನಿ ಹುಟ್ಟಿದ ಜಿಲ್ಲೆ. 1884ರಲ್ಲಿ ಗುಬ್ಬಿಯಲ್ಲಿ ಶುರುವಾದ ಕಂಪನಿ ಅದು. ಚರ್ಚಿಗೆ ಬಂದ ಕಾಲು ಹಾರ್ಮೋನಿಯಂ ನಾಟಕದ ರಂಗಕ್ಕೂ ಬಂತು. ಇವತ್ತಿಗೂ ಒಂದು ಊರು ನಾಟಕ ಆಡಬೇಕು ಅಂದರೆ ಹಾರ್ಮೋನಿಯಂ ಮೇಷ್ಟ್ರನ್ನು ಕರೆಸುತ್ತಾರೆ. ಮೇಷ್ಟ್ರು ತಿಂಗಳುಗಟ್ಟಲೆ ರಾತ್ರಿ ಕೂತು ಹೊಲದಲ್ಲಿ ದುಡಿದು ಬಂದವರಿಗೆ ಕಂದ, ವೃತ್ತ ಹೇಳಿಕೊಡುತ್ತಾರೆ. ದುರ್ಯೋಧನನ ಪಾತ್ರದವನ ಗಂಟಲು ಎಷ್ಟು ಏರುತ್ತದೆ, ಕೃಷ್ಣನದು ಎಷ್ಟು ಅಂತ ನೋಡಿ ಶ್ರುತಿ ಇಡುತ್ತಾರೆ. ಪಾತ್ರಧಾರಿ ಒಂದು ಮಾತ್ರೆ ಜಾರಿದರೆ ಮೇಷ್ಟ್ರ ಬೆರಳು ಅಲ್ಲೇ ಹೋಗಿ ಎತ್ತಿಕೊಳ್ಳುತ್ತದೆ. ತಪ್ಪಿದ್ದು ಊರಿಗೆ ಗೊತ್ತೇ ಆಗುವುದಿಲ್ಲ. ಇದಕ್ಕೆಲ್ಲ ಊರವರು ಚಂದಾ ಎತ್ತಿ ಮೇಷ್ಟ್ರಿಗೆ ಸಂಬಳ ಕೊಡುತ್ತಾರೆ, ಊಟ ಹಾಕುತ್ತಾರೆ, ಕೊನೆಗೆ ಶಾಲು ಹೊದಿಸಿ ಕಳಿಸುತ್ತಾರೆ. ಒಂದು ರಾತ್ರಿಯ ನಾಟಕಕ್ಕೆ ಊರು ಇಷ್ಟು ಮಾಡುತ್ತದೆ. ವರ್ಷಕ್ಕೆ 52 ಭಾನುವಾರ, ಮೇಲೆ ಕ್ರಿಸ್ಮಸ್, ಶುಭ ಶುಕ್ರವಾರ, ಮದುವೆ, ಮಣ್ಣು. ಇಷ್ಟಕ್ಕೂ ನುಡಿಸುವವರಿಗೆ ನಾವು ಏನು ಮಾಡಿದ್ದೇವೆ?

ಹಣ ಇಲ್ಲ ಅನ್ನಬೇಡಿ. ಸ್ಪೀಕರ್, ಮಿಕ್ಸರ್, ಪ್ರೊಜೆಕ್ಟರ್‌ಗೆ ಹಣ ಹುಟ್ಟುತ್ತದೆ. ಕಲಿಸುವ ಮೇಷ್ಟ್ರಿಗೆ ಹುಟ್ಟುವುದಿಲ್ಲ. ನನಗೆ ಇದು ಬೇಸರದ ವಿಷಯ, ಅದಕ್ಕೇ ಎದುರಿಗೇ ಹೇಳುತ್ತಿದ್ದೇನೆ.

ಗುಬ್ಬಿ ಕಡೆಯ ಒಂದು ಸಣ್ಣ ಸಭೆಯಲ್ಲಿ ನಾನು ಕಂಡದ್ದು ಹೇಳುತ್ತೇನೆ. ಪಿಯುಸಿ ಓದುವ ಹುಡುಗಿ ನುಡಿಸುತ್ತಿದ್ದಳು. ಹಾಡಿನ ನಂಬರು ಅವಳ ಕೈಗೆ ಬಂದದ್ದು ಆರಾಧನೆಗೆ ಹತ್ತು ನಿಮಿಷ ಇದ್ದಾಗ, ಒಂದು ಚೀಟಿಯಲ್ಲಿ. ಐದು ಹಾಡು. ಎರಡು ಅವಳಿಗೆ ಬರುತ್ತಿರಲಿಲ್ಲ. ಕೀಬೋರ್ಡನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತಾರೆ, ಕೀಲಿ ಖಜಾಂಚಿಯವರ ಮನೆಯಲ್ಲಿ. ವಾರದ ನಡುವೆ ಅವಳು ವಾದ್ಯ ಮುಟ್ಟುವಂತೆಯೇ ಇಲ್ಲ. ಸ್ಟ್ಯಾಂಡಿನ ಒಂದು ಕಾಲು ಗಿಡ್ಡ, ಕೆಳಗೆ ಹಳೇ ಹಾಡಿನ ಪುಸ್ತಕ ಮಡಚಿ ಇಟ್ಟಿದ್ದರು. ಕೂರಲು ಪ್ಲಾಸ್ಟಿಕ್ ಕುರ್ಚಿ, ಅದರಲ್ಲಿ ಅವಳ ಮೊಣಕೈ ಕೀಲಿಮಣೆಗಿಂತ ಕೆಳಗೆ. ಮಣಿಕಟ್ಟು ಬಾಗಿ ಬೆರಳುಗಳು ಮೇಲಕ್ಕೆ ಚಾಚಿಕೊಂಡಿದ್ದವು. ಆ ಭಂಗಿಯಲ್ಲಿ ಯಾರು ನುಡಿಸಿದರೂ ಸ್ವರ ತುಂಡು ತುಂಡಾಗಿಯೇ ಬರುತ್ತದೆ. ಆರಾಧನೆ ಮುಗಿದ ಮೇಲೆ ಹಿರಿಯರೊಬ್ಬರು "ಏನಮ್ಮಾ, ಪ್ರಾಕ್ಟೀಸ್ ಮಾಡಲ್ವಾ?" ಅಂದರು. ಅವಳು ತಲೆ ತಗ್ಗಿಸಿದಳು. ನಾವು ಎತ್ತರದ ಒಂದು ಸ್ಟೂಲ್ ಹುಡುಕಿ ಅವಳನ್ನು ಕೂರಿಸಿ, ಅದೇ ಹಾಡನ್ನು ಎರಡು ಎಳೆಯಲ್ಲಿ ಮತ್ತೆ ನುಡಿಸಲು ಹೇಳಿದೆವು. ಸ್ವರಗಳು ಒಂದಕ್ಕೊಂದು ಅಂಟಿಕೊಂಡು ಬಂದವು. ಗುಡಿಸುತ್ತಿದ್ದ ಅಕ್ಕ ಪೊರಕೆ ನಿಲ್ಲಿಸಿ ಜೊತೆಗೆ ಹಾಡತೊಡಗಿದರು.

ಅವಳಲ್ಲಿ ವಿದ್ಯೆ ಇತ್ತು. ಅದಕ್ಕೆ ಸರಿಯಾದ ಕುರ್ಚಿ ಇರಲಿಲ್ಲ, ಕೀಲಿ ಇರಲಿಲ್ಲ, ನಂಬರು ಇರಲಿಲ್ಲ.

ಹಾಗಾಗಿ ಸಭಾಪಾಲಕರಲ್ಲಿ, ಫಾದರ್‌ಗಳಲ್ಲಿ ನನ್ನ ವಿನಂತಿ. ಹಾಡಿನ ನಂಬರುಗಳನ್ನು ಬುಧವಾರದೊಳಗೆ ಕೊಡಿ. ವಾಟ್ಸ್‌ಆ್ಯಪ್ ಇದೆ, ಎರಡು ನಿಮಿಷದ ಕೆಲಸ. ವಾದ್ಯದ ಕೀಲಿಯ ಒಂದು ನಕಲು ನುಡಿಸುವವರ ಕೈಯಲ್ಲಿರಲಿ. ತಿಂಗಳಿಗೆ ಒಂದು ಹೊಸ ಧಾಟಿ ಸಾಕು, ಅದನ್ನು ಆರಾಧನೆಗೆ ಮೊದಲು ಸಭೆಗೆ ಹಾಡಿಸಿ ಕಲಿಸಿ. ಬೆಂಗಳೂರು ಇಲ್ಲಿಂದ 70 ಕಿಲೋಮೀಟರ್. ಟ್ರಿನಿಟಿ ಕಾಲೇಜ್ ಲಂಡನ್‌ನ ಗ್ರೇಡ್ ಪರೀಕ್ಷೆಗಳು ಅಲ್ಲಿ ನಡೆಯುತ್ತವೆ, ತಯಾರು ಮಾಡುವ ಶಿಕ್ಷಕರೂ ಇದ್ದಾರೆ. ನಾಲ್ಕೈದು ಸಭೆಗಳು ಸೇರಿ ಒಬ್ಬ ಶಿಕ್ಷಕರನ್ನು ಶನಿವಾರ ತುಮಕೂರಿಗೆ ಕರೆಸಿದರೆ ಖರ್ಚು ಹಂಚಿಹೋಗುತ್ತದೆ. ಮಕ್ಕಳು ಬಸ್ಸಿಗೆ ಕೊಡುವ ಹಣವೂ ಉಳಿಯುತ್ತದೆ.

ಕಲಿಯುವವರು ಒಬ್ಬರೇ ಆದರೆ ಅವರು ಕೆಲಸ ಸಿಕ್ಕಿ ಬೆಂಗಳೂರಿಗೆ ಹೋದ ದಿನ ಸಭೆ ಮತ್ತೆ ಸೊನ್ನೆಗೆ ಬರುತ್ತದೆ. ಮೂವರನ್ನು ಕಲಿಸಿ. ಅವರಲ್ಲಿ ಒಬ್ಬರು ದೊಡ್ಡವರಾಗಿರಲಿ, ಊರು ಬಿಡದವರು.

ಇನ್ನು ಎಲ್ಲರೂ ಕೇಳಲು ಹಿಂಜರಿಯುವ ವಿಷಯ. ಮೂವತ್ತು ವರ್ಷದಿಂದ ನುಡಿಸುತ್ತಿರುವವರ ಕೈ ಈಗ ಸಾಗುತ್ತಿಲ್ಲ, ಹೇಳುವುದು ಹೇಗೆ? ಹೇಳಲೇಬೇಕು. ಆದರೆ ಒಬ್ಬರೇ ಹೋಗಿ, ಮನೆಗೆ ಹೋಗಿ, ಪ್ರೀತಿಯಿಂದ. ಕಮಿಟಿ ಮೀಟಿಂಗಿನಲ್ಲಿ ಅಜೆಂಡಾ ಮಾಡಿ ಹೇಳಬೇಡಿ. ಯಾರೂ ಇಲ್ಲದಾಗ ಸಭೆಯನ್ನು ಹೊತ್ತವರು ಅವರು. ತಿಂಗಳಲ್ಲಿ ಒಂದು ಭಾನುವಾರ ಅವರಿಗೆ ಇಷ್ಟವಾದ, ಕೈಗೆ ಕೂತ ಹಾಡುಗಳು ಅವರದ್ದೇ ಇರಲಿ. ಉಳಿದ ಭಾನುವಾರ ಕಲಿಯುವ ಹುಡುಗರ ಪಕ್ಕದಲ್ಲಿ ಅವರನ್ನು ಕೂರಿಸಿ. ಯಾವ ಹಾಡಿಗೆ ಸಭೆ ಎಲ್ಲಿ ನಿಧಾನ ಮಾಡುತ್ತದೆ, ಯಾವ ಸಾಲಿನಲ್ಲಿ ಹಳೆಯವರು ಪುಸ್ತಕಕ್ಕಿಂತ ಬೇರೆ ಥರ ಹಾಡುತ್ತಾರೆ, ಇದೆಲ್ಲ ಅವರಿಗೆ ಮಾತ್ರ ಗೊತ್ತು. ಯಾವ ಗ್ರೇಡ್ ಪರೀಕ್ಷೆಯಲ್ಲೂ ಅದು ಸಿಗುವುದಿಲ್ಲ.

ನಿಜವಾಗಿ ಅಭ್ಯಾಸ ಮಾಡದೆ, ಹೇಳಿದರೂ ಕೇಳದೆ ನುಡಿಸುವವರೂ ಇದ್ದಾರೆ. ಕೀಲಿ ಕೊಟ್ಟು, ನಂಬರು ಕೊಟ್ಟು, ಶಿಕ್ಷಕರನ್ನು ಕೊಟ್ಟ ಮೇಲೂ ಒಂದು ವರ್ಷದಲ್ಲಿ ಬದಲಾಗದಿದ್ದರೆ ಜಾಗ ಬಿಡಿ ಎಂದು ಹೇಳುವ ಹಕ್ಕು ಸಭೆಗೆ ಇದೆ. ಅದಕ್ಕೆ ಮೊದಲು ಇಲ್ಲ.

ಆಮೇಲೆ ಇಬ್ಬರು ಪ್ರಶ್ನೆ ಕೇಳಿದರು.

"ನುಡಿಸುವವರೇ ಸಿಗದಿದ್ದರೆ ಪೆನ್‌ಡ್ರೈವ್‌ನಲ್ಲಿ ಟ್ರ್ಯಾಕ್ ಹಾಕಿ ಹಾಡಬಹುದಲ್ವಾ ಸಾರ್?" ಎಂದು ಕ್ವಾಯರ್‌ನ ಯುವಕರೊಬ್ಬರು ಕೇಳಿದರು. ಬೇಡ ಅಂದೆ. ಟ್ರ್ಯಾಕ್ ಕೂಡ ರಿದಂ ಬಟನ್ ಹಾಗೇ, ಸಭೆಗೆ ಕಾಯುವುದಿಲ್ಲ. ಅದು ಸುಲಭ ಅನ್ನಿಸಿದರೆ ಕಲಿಯುವವರು ಪೂರ್ತಿ ನಿಂತುಹೋಗುತ್ತಾರೆ. ನುಡಿಸುವವರು ಇಲ್ಲದ ಭಾನುವಾರ ಗಟ್ಟಿ ದನಿಯವರೊಬ್ಬರು ಶ್ರುತಿ ಎತ್ತಿಕೊಟ್ಟು ವಾದ್ಯವಿಲ್ಲದೆ ಹಾಡಿ. ಜನ ಒಬ್ಬರ ದನಿ ಒಬ್ಬರು ಕೇಳಿಸಿಕೊಂಡು ಚೆನ್ನಾಗಿಯೇ ಹಾಡುತ್ತಾರೆ.

ಮಹಿಳಾ ಸಂಘದ ಹಿರಿಯರೊಬ್ಬರು ಎದ್ದು, "ನಮ್ಮ ಚರ್ಚಿನ ಹಳೇ ಕಾಲು ಆರ್ಗನ್ ಗೋದಾಮಿನಲ್ಲಿ ಬಿದ್ದಿದೆ, ಗುಜರಿಗೆ ಹಾಕೋಣ ಅಂತಿದ್ದಾರೆ, ಏನು ಮಾಡಲಿ?" ಎಂದು ಕೇಳಿದರು. ದಯವಿಟ್ಟು ಹಾಕಬೇಡಿ ಎಂದು ಹೇಳಿದೆ. ಹಿತ್ತಾಳೆ ರೀಡು ಸುಲಭಕ್ಕೆ ಸವೆಯುವುದಿಲ್ಲ. ಹೆಚ್ಚಿನ ಸಲ ಹಾಳಾಗಿರುವುದು ತಿದಿಯ ಬಟ್ಟೆ, ಚರ್ಮ ಮತ್ತು ತುಳಿಮಣೆಯ ಪಟ್ಟಿ. ಮೊದಲು ಹಿಂದಿನ ಹಲಗೆ ಬಿಚ್ಚಿ, ಮೆತ್ತನೆ ಬ್ರಷ್‌ನಲ್ಲಿ ಧೂಳು ತೆಗೆಸಿ. ನೀರು, ಎಣ್ಣೆ ತಾಗಿಸಬೇಡಿ. ನಾಟಕದ ಹಾರ್ಮೋನಿಯಂ ರಿಪೇರಿ ಮಾಡುವವರು ನಮ್ಮ ಕಡೆ ಇನ್ನೂ ಇದ್ದಾರೆ, ತಿದಿ ಹೊಲಿಯುವ ಕೆಲಸ ಅವರಿಗೆ ಗೊತ್ತು. ಒಬ್ಬರನ್ನು ಕರೆದುಕೊಂಡು ಬಂದು ನೋಡುತ್ತೇನೆ ಎಂದು ಅವರಿಗೆ ಹೇಳಿದ್ದೇನೆ.